ನಲವತ್ತೆರಡು ಗೂಡು

ಕರೆಂಟ್ ಬಿಲ್ಲು ಬರೆಯುವವಳು ನಾನು.
ಶಿಡ್ಲಘಟ್ಟದ ಅರ್ಧ ಊರು ನನ್ನ ಚಪ್ಪಲಿಗೆ ಗೊತ್ತು.
ಎಷ್ಟು ಮೆಟ್ಟಿಲು, ಎಷ್ಟು ನಾಯಿ, ಯಾವ ಮನೆಯ ಮೀಟರು
ಕೋಳಿಗೂಡಿನ ಹಿಂದೆ ಅಡಗಿ ಕೂತಿದೆ,
ಎಲ್ಲ ಕಂಡ ಕಾಲು ಇವು.
ನಲವತ್ತೆರಡು ಕಿಲೋಮೀಟರು ಅಂದಾಗ
ಇವುಗಳನ್ನು ನಾನು ಒಂದು ಮಾತೂ ಕೇಳಲಿಲ್ಲ.

ಎಂಟು ದಿನ ಮುಂಚೆ ಹೆಸರು ಕೊಟ್ಟೆ.
ಮಾರನೇ ದಿನ ಶೂ ಕೊಂಡೆ, ಕಿತ್ತಳೆ ಬಣ್ಣದ್ದು.
ಉಳಿದ ದಿನ ಅದನ್ನು ಹಾಕಿಕೊಂಡು ಕನ್ನಡಿ ಮುಂದೆ ನಿಂತೆ.
ಅಷ್ಟೇ ತಯಾರಿ.

ಚಿಕ್ಕಬಳ್ಳಾಪುರದಲ್ಲಿ ಸೀಟಿ ಊದಿದಾಗ ಇನ್ನೂ ಕತ್ತಲು,
ನಂದಿಬೆಟ್ಟ ಮೋಡ ಹೊದ್ದು ಮಲಗಿತ್ತು.
ಮೊದಲ ಹತ್ತು ಹಾರಿದೆ.
ನಮ್ಮೂರು ಬಂತು, ಗೂಡಿನ ಮಾರುಕಟ್ಟೆ ಗೇಟಿನಲ್ಲಿ
ಯಾರೋ ಹೆಸರು ಹಿಡಿದು ಕೂಗಿದರು, ಇನ್ನೂ ಜೋರು ಮಾಡಿದೆ.
ಆ ಜೋರಿಗೆ ಈಗಲೂ ನಾಚಿಕೆ.
ಇಪ್ಪತ್ತಾರನೇ ಕಲ್ಲಿನ ಬಳಿ
ಎಡತೊಡೆಯೊಳಗೆ ಯಾರೋ ಒದ್ದೆ ಬಟ್ಟೆ ಹಿಂಡಿದ ಹಾಗೆ.
ಕೂತೆ. ಏಳಲಾಗಲಿಲ್ಲ.
ಹಿಪ್ಪುನೇರಳೆ ಸೊಪ್ಪಿನ ಟೆಂಪೋದವನು
ಸೊಪ್ಪಿನ ಮೇಲೆ ನನ್ನನ್ನೂ ಹಾಕಿಕೊಂಡು ಬಂದ.
ಬಾಡಿಗೆ ಕೇಳಲಿಲ್ಲ,
ಹೋದ ತಿಂಗಳ ಬಿಲ್ಲು ಯಾಕೆ ಜಾಸ್ತಿ ಅಂತ
ದಾರಿಯುದ್ದ ಕೇಳಿದ.

ಅಮ್ಮ ಬೈಯಲಿಲ್ಲ. ಎಣ್ಣೆ ಕಾಯಿಸಿ ತಿಕ್ಕಿದಳು.
ಮೂರನೇ ದಿನ, ಕುಂಟುತ್ತಿದ್ದವಳನ್ನು
ಹುಳದ ಮನೆಗೆ ಕರೆದಳು, 'ಬಾ, ಕೈಯಾದರೂ ನೆಟ್ಟಗಿದೆಯಲ್ಲ.'

ಇರುವೆಗಿಂತ ಸಣ್ಣ ಚಾಕಿ ಹುಳ.
ಕುಡಿ ಎಲೆ, ಅದನ್ನೂ ಕೊತ್ತಂಬರಿಯ ಹಾಗೆ ಹೆಚ್ಚಿ
ಚಿಟಿಕೆ ಚಿಟಿಕೆ ಉದುರಿಸಬೇಕು.
'ಈಗಲೇ ಕೊಂಬೆ ಸಮೇತ ಹಾಕಿದರೆ?'
'ಸಾಯ್ತವೆ. ನಿನ್ನ ಥರ ಟೆಂಪೋ ಹತ್ತಲ್ಲ.'

ಆಮೇಲೆ ಜ್ವರ.
ಮೇವು ಬಿಟ್ಟು, ತಲೆ ಎತ್ತಿ, ಕಲ್ಲಾಗಿ ಕೂತವು.
ಗಾಬರಿಯಾಗಿ ಸೊಪ್ಪಿಗೆ ಕೈ ಹಾಕಿದೆ, ಅಮ್ಮ ತಡೆದಳು.
'ಸುಮ್ನೆ ಕೂತಿಲ್ಲ ಕಣೇ ಅವು.
ಹಳೇ ಚರ್ಮ ಬಿಗಿಯಾಯ್ತು, ಒಳಗೇ ಹೊಸದು ಹೊಲ್ಕೊಳ್ತಿವೆ.
ಒಂದೆರಡು ಎದ್ದವು ಅಂತ ಅವಸರ ಮಾಡಬೇಡ,
ಎಲ್ಲ ಏಳಲಿ.'
ಹೀಗೆ ನಾಲ್ಕು ಸಲ.
ನಾಲ್ಕು ಜ್ವರ ದಾಟದ ಹುಳವನ್ನು ಚಂದ್ರಿಕೆಗೆ ಬಿಟ್ಟು
ಗೂಡು ಕಂಡವರು ನಮ್ಮ ಕಡೆ ಯಾರೂ ಇಲ್ಲ.

ಗೂಡು ಕೊಂಡ ರೀಲರ್ ಖಮರುಲ್ಲಾ ಸಾಬರು
ಬಿಸಿನೀರಿನ ಬಾನಿಯಿಂದ ಎಳೆ ಎತ್ತಿ ತೋರಿಸಿದರು.
ಒಂದು ಗೂಡಿಗೆ ಒಂದೇ ಎಳೆ,
ಒಳ್ಳೆ ಬೆಳೆಯಾದರೆ ಹೆಚ್ಚುಕಮ್ಮಿ ಒಂದು ಕಿಲೋಮೀಟರು.
'ಅರೆಬೆಂದರೆ ತುಂಡು, ಅತಿ ಬೆಂದರೂ ತುಂಡು.'
ಮನಸ್ಸಲ್ಲೇ ಎಣಿಸಿದೆ: ನಲವತ್ತೆರಡು ಗೂಡು.
ಒಂದು ಚೊಂಬಿನಲ್ಲಿ ಹಿಡಿಯುವಷ್ಟು ದೂರ.

ಕೆರೆ ಏರಿ ಮೇಲೆ ಶುರುಮಾಡಿದೆ.
ಒಂದು ಕಿಲೋಮೀಟರು, ಅದರಲ್ಲೂ ಅರ್ಧ ನಡಿಗೆ.
ಎಮ್ಮೆ ಹೊಡೆದುಕೊಂಡು ಹೋಗುವ ಮುದುಕ ನನ್ನನ್ನು ದಾಟಿ ಹೋದ,
ಎಮ್ಮೆಯೂ ದಾಟಿತು.
ದಾಟಲಿ.
ಒಂದು ಭಾನುವಾರ ಹನ್ನೆರಡು, ಮುಂದಿನದು ಹದಿನಾಲ್ಕು,
ಅದರ ಮುಂದಿನದು ಬೇಕೆಂದೇ ಹತ್ತು.
ಮೂವತ್ತೆರಡು ಮುಗಿಸಿದ ದಿನ ಯಾರಿಗೂ ಹೇಳಲಿಲ್ಲ,
ಎರಡು ಮುದ್ದೆ ಉಂಡು ಮಲಗಿದೆ.
ಈ ಒಂಬತ್ತು ತಿಂಗಳಲ್ಲಿ ಕಿತ್ತಳೆ ಬಣ್ಣ ಹೋಗಿ
ಶೂ ಏರಿ ಮಣ್ಣಿನ ಬಣ್ಣಕ್ಕೆ ತಿರುಗಿದೆ.

ಓಟಕ್ಕೆ ಇನ್ನು ಮೂರು ದಿನ.
ಮೀಟರು ಓದಲು ಹೋದಲ್ಲೆಲ್ಲ ಕೇಳುತ್ತಾರೆ,
'ಏನು ಮೇಡಂ, ಕೆರೆ ಕಡೆ ಕಾಣಲೇ ಇಲ್ಲ?'
ಜ್ವರ, ಅನ್ನುತ್ತೇನೆ.
ಹೊರಗಿನಿಂದ ಬಂದವರು ಮಾತ್ರೆಯ ಹೆಸರು ಹೇಳುತ್ತಾರೆ.
ಹುಳ ಸಾಕಿದವರು
ಬಾಗಿಲಿಗೆ ಒರಗಿ, ನನ್ನ ಕಾಲು ನೋಡಿ,
ಎಷ್ಟನೆಯದು ಅಂತ ಕೇಳುತ್ತಾರೆ.